ಮೊದಲು ಕೇಳಿದವರು ಯಾರು? ಸಿಂಪೈಯಲ್ಲಿ ಕ್ಯಾಶ್ ಬಗ್ ಹಿಡಿದಿದ್ದು

ಕೋಡ್‌ನ ಒಂದೇ ಟೆಸ್ಟ್ ಓಡಿಸಿದರೆ ಪಾಸ್, ಎಲ್ಲದರ ಜೊತೆ ಓಡಿಸಿದರೆ ಫೇಲ್. ಹೀಗಾದಾಗ ನನಗೆ ಮೊದಲು ಅನುಮಾನ ಬರುವುದು ಕ್ಯಾಶ್ ಮೇಲೆ, ಅಂದರೆ ಒಮ್ಮೆ ಮಾಡಿದ ಲೆಕ್ಕದ ಉತ್ತರವನ್ನು ಮತ್ತೆ ಕೊಡಲು ಎತ್ತಿಟ್ಟುಕೊಳ್ಳುವ ಜಾಗದ ಮೇಲೆ. ಗಣಿತದಲ್ಲಿ ಅದೇ ಪ್ರಶ್ನೆಗೆ ಅದೇ ಉತ್ತರ ಬರಬೇಕು, ಅಲ್ವಾ?

ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಸಾಲಗಾಮೆ ರಸ್ತೆಯ ನನ್ನ ರೂಮಿಗೆ ಪೈಥಾನ್‌ನ ಗಣಿತ ಲೈಬ್ರರಿ ಸಿಂಪೈ ಬಳಸಿದ ಪ್ರಾಜೆಕ್ಟ್ ತಂದಿದ್ದಳು. ಎಕ್ಸ್ ವರ್ಗವನ್ನು 0ಯಿಂದ 1ರವರೆಗೆ ಇಂಟಿಗ್ರೇಟ್ ಮಾಡಿದರೆ 1/3 ಬರಬೇಕು. ಬರುತ್ತಿದ್ದದ್ದು 0.333333333333333. ಬೆಲೆ ಹೆಚ್ಚುಕಮ್ಮಿ ಅದೇ. ಆದರೆ ನಿಖರ ಭಿನ್ನರಾಶಿ ಹೋಗಿ ದಶಾಂಶ ಬಂದರೆ ಮುಂದಿನ ಸರಳೀಕರಣವೆಲ್ಲ ಹಾಳು.

ಮೊದಲು ಸಿಂಪೈಯ ಸ್ವಂತ ಕ್ಯಾಶ್ ಆಫ್ ಮಾಡಿದೆ. ಅದಕ್ಕೊಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಇದೆ, ಸಿಂಪೈ ಇಂಪೋರ್ಟ್ ಆಗುವ ಮೊದಲೇ ‘ನೋ’ ಅಂತ ಕೊಡಬೇಕು. ‘ಡೀಬಗ್’ ಅಂತ ಕೊಟ್ಟರೆ ಕ್ಯಾಶ್ ಇಟ್ಟೂ ಇಲ್ಲದೆಯೂ ಲೆಕ್ಕ ಮಾಡಿ ತಾಳೆ ನೋಡುತ್ತದೆ, ನಿಧಾನ ಅಷ್ಟೇ. ಆಫ್ ಮಾಡಿದರೂ ತಪ್ಪು ಹಾಗೇ ಇತ್ತು. ಅಂದರೆ ಹಳೆಯ ಉತ್ತರ ಕೂತಿರುವುದು ತನ್ನದೇ ಕ್ಯಾಶ್ ಇಟ್ಟುಕೊಂಡಿದ್ದ ಅವಳ ಕೋಡ್‌ನಲ್ಲೇ.

ಆಮೇಲೆ ಟೆಸ್ಟ್‌ಗಳನ್ನು ಅರ್ಧರ್ಧ ತೆಗೆಯುತ್ತಾ ಹೋದೆವು. ಪ್ರತಿ ಸಲ ಪೈಥಾನ್ ಹೊಸದಾಗಿ ಶುರು ಮಾಡಲೇಬೇಕು. ಜುಪಿಟರ್ ನೋಟ್‌ಬುಕ್‌ನ ಹಿಂದೆ ಓಡುವ ಪೈಥಾನ್ (ಕರ್ನಲ್) ಹಾಗೇ ಬಿಟ್ಟರೆ ಹಳೆಯ ಉತ್ತರಗಳೂ ಉಳಿದುಬಿಡುತ್ತವೆ, ಹುಡುಕಿದ್ದೆಲ್ಲ ವ್ಯರ್ಥ. ಕೊನೆಗೆ ಉಳಿದದ್ದು ಎರಡೇ ಸಾಲು. ಮೊದಲನೆಯದು 0ಯಿಂದ 1.0ರವರೆಗೆ ಕೇಳುತ್ತಿತ್ತು, ಎರಡನೆಯದು 0ಯಿಂದ 1ರವರೆಗೆ.

ಪೈಥಾನ್‌ಗೆ 1 ಮತ್ತು 1.0 ಸಮ, ಕ್ಯಾಶ್‌ನಲ್ಲಿ ಹುಡುಕಲು ಬಳಸುವ ಗುರುತುಸಂಖ್ಯೆ, ಅಂದರೆ ಹ್ಯಾಶ್, ಕೂಡ ಒಂದೇ. ಮೊದಲು ಕೇಳಿದವರ ಉತ್ತರವೇ ಎರಡನೆಯವರಿಗೂ ಸಿಗುತ್ತದೆ.

"ಸರ್, ಎಲ್‌ಆರ್‌ಯು ಕ್ಯಾಶ್‌ಗೆ ‘ಟೈಪ್ಡ್’ ಟ್ರೂ ಅಂತ ಕೊಟ್ಟಿದೀನಲ್ಲ?" ಅಂದಳು. ಒಳ್ಳೆಯ ಪ್ರಶ್ನೆ. ಎಲ್‌ಆರ್‌ಯು ಕ್ಯಾಶ್ ಅಂದರೆ ಫಂಕ್ಷನ್‌ನ ಉತ್ತರ ನೆನಪಿಡುವ ಪೈಥಾನ್‌ನದೇ ಸಾಧನ; ‘ಟೈಪ್ಡ್’ ಕೊಟ್ಟರೆ 1 ಮತ್ತು 1.0 ಬೇರೆ ಬೇರೆ ಎಂದು ನೋಡುತ್ತದೆ. ಆದರೆ ಅದು ನೋಡುವುದು ಫಂಕ್ಷನ್‌ಗೆ ನೇರವಾಗಿ ಕೊಟ್ಟ ಆರ್ಗ್ಯುಮೆಂಟ್‌ಗಳ ಟೈಪನ್ನು ಮಾತ್ರ. ಇವಳು ಎರಡೂ ಮಿತಿಗಳನ್ನು ಬೆಲೆಗಳನ್ನು ಒಟ್ಟಿಗೆ ಕಟ್ಟಿಡುವ ಒಂದು ಟ್ಯೂಪಲ್‌ಗೆ ಹಾಕಿ ಕೊಟ್ಟಿದ್ದಳು. ಟ್ಯೂಪಲ್ ಒಳಗೆ ಏನಿದೆ ಅಂತ ಅದು ಇಣುಕಿ ನೋಡುವುದಿಲ್ಲ. ಸಿಂಪೈ ತನ್ನ ಫ್ಲೋಟ್ (ದಶಾಂಶ) ಮತ್ತು ಇಂಟಿಜರ್ (ಪೂರ್ಣಾಂಕ) ಸಮ ಅಲ್ಲ ಎಂದು 2024ರ 1.13 ಆವೃತ್ತಿಯಿಂದ ಹೇಳುತ್ತಿದೆ. ಇಲ್ಲಿ ಬರುತ್ತಿದ್ದದ್ದು ಪೈಥಾನ್‌ನ ಬರೀ ಸಂಖ್ಯೆಗಳು, ಹಾಗಾಗಿ ಅದೂ ಕಾಪಾಡಲಿಲ್ಲ.

ಮಿತಿಗಳನ್ನು ಟ್ಯೂಪಲ್‌ನಿಂದ ಬಿಡಿಸಿ ಬೇರೆ ಬೇರೆ ಆರ್ಗ್ಯುಮೆಂಟ್ ಮಾಡಿದಳು, 1/3 ಬಂತು. ಜೊತೆಗೆ ಒಂದು ಹೊಸ ಟೆಸ್ಟ್ ಬರೆಸಿದೆ: 1.0 ಮೊದಲು, 1 ಆಮೇಲೆ. ಕ್ಯಾಶ್ ಖಾಲಿ ಮಾಡಿ ಮತ್ತೆ 1 ಮೊದಲು, 1.0 ಆಮೇಲೆ.