ಪರದೆ ಹ್ಯಾಂಗ್ ಆಗಿತ್ತು, ಹಾಡು ನಿಂತಿರಲಿಲ್ಲ

ಹನುಮಂತನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ರೆಕಾರ್ಡಿಂಗ್ ಶುರುಮಾಡುವುದು ರಾತ್ರಿ ಹತ್ತರ ನಂತರ. ಹಗಲಲ್ಲಿ ಕುಕ್ಕರ್ ಕೂಗು, ತರಕಾರಿ ಗಾಡಿಯವರ ಸ್ಪೀಕರು, ಪಕ್ಕದ ಮನೆಯ ನೀರಿನ ಮೋಟರು ಎಲ್ಲವೂ ಮೈಕಿಗೆ ಬೀಳುತ್ತವೆ. ಹೋದ ಧನುರ್ಮಾಸದ ಒಂದು ರಾತ್ರಿ, ಬಸವನಗುಡಿಯಲ್ಲಿ ಸಂಗೀತ ಪಾಠ ಹೇಳುವ ಹಿರಿಯ ಅಮ್ಮನವರೊಬ್ಬರು ಉಗಾಭೋಗ ಹಾಡಲು ಬಂದಿದ್ದರು. ವಯಸ್ಸು 68. ಜೊತೆಗೆ ಪಿಟೀಲು, ತಂಬೂರಿ. ಮೂರು ಮೈಕು, ಮೂರು ಟ್ರ್ಯಾಕು.

ಉಗಾಭೋಗಕ್ಕೆ ತಾಳದ ಕಟ್ಟು ಇಲ್ಲ. ರಾಗವನ್ನು ಹಾಡುವವರೇ ಆರಿಸಿಕೊಳ್ಳುತ್ತಾರೆ, ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು ಎನ್ನುವುದು ಆ ಕ್ಷಣದ್ದು. ಪಿಟೀಲಿನವರು ಆ ಉಸಿರನ್ನೇ ಹಿಂಬಾಲಿಸುತ್ತಾರೆ. ತಾಳವಿರುವ ಹಾಡಾದರೆ ಕೆಟ್ಟ ಸಾಲನ್ನು ಮತ್ತೆ ಹಾಡಿಸಿ ಕೂರಿಸಬಹುದು. ಇಲ್ಲಿ ಹೊಲಿಗೆ ಹಾಕಲು ಅಂಚೇ ಸಿಗುವುದಿಲ್ಲ. ಟೇಕ್ ಹೋದರೆ ಹೋದ ಹಾಗೆಯೇ.

ಐದನೇ ನಿಮಿಷದಲ್ಲಿ ಪರದೆಯ ಮೇಲೆ ಬೆಳೆಯುತ್ತಿದ್ದ ಅಲೆಗಳು ಗಕ್ಕನೆ ನಿಂತವು. ಮೌಸ್ ಓಡಾಡುತ್ತಿದೆ, ಪ್ರೋಗ್ರಾಂ ಮಾತ್ರ ಅಲ್ಲಾಡುತ್ತಿಲ್ಲ. ಕಿಟಕಿಯ ತಲೆಯಲ್ಲಿ 'ನಾಟ್ ರೆಸ್ಪಾಂಡಿಂಗ್'. ಸಹಾಯಕ್ಕೆ ಕೂತಿದ್ದ ಅಕ್ಕನ ಮಗ ಪಿಸುಗುಟ್ಟಿದ, "ಮಾಮ, ಪವರ್ ಬಟನ್ ಒತ್ತಿಬಿಡ್ಲಾ?" ನಾನು ಅವನ ಕೈ ಹಿಡಿದುಕೊಂಡೆ. ವರ್ಷಗಳ ಹಿಂದೆ ಹೀಗೇ ಆದಾಗ ಬಟನ್ ಒತ್ತಿ, ಒಂದು ಇಡೀ ಮೃದಂಗದ ತನಿಯನ್ನು, ಅಂದರೆ ಒಂಟಿ ವಾದನವನ್ನು, ಕಳೆದುಕೊಂಡವನು ನಾನು.

ಆ ಎಚ್ಚರಿಕೆಯ ಅರ್ಥ ಇಷ್ಟೇ: ಆ ಕಿಟಕಿ ಸುಮಾರು ಐದು ಸೆಕೆಂಡಿನಿಂದ ವಿಂಡೋಸ್‌ನ ಕರೆಗೆ ಓಗೊಟ್ಟಿಲ್ಲ. ಪರದೆಯ ಮೇಲೆ ಕಿಟಕಿಯ ಚಿತ್ರ ಬಿಡಿಸುವ ಕೆಲಸ ಒಂದು ದಾರದಲ್ಲಿ (ಥ್ರೆಡ್, ಪ್ರೋಗ್ರಾಂ ಒಳಗೆ ಬೇರೆಯಾಗಿ ಓಡುವ ಕೆಲಸದ ಎಳೆ) ನಡೆಯುತ್ತದೆ, ಧ್ವನಿಯನ್ನು ಪಡೆದು ಡಿಸ್ಕಿಗೆ ಬರೆಯುವ ಕೆಲಸ ಬೇರೆ ದಾರಗಳಲ್ಲಿ. ಮೊದಲನೆಯದು ಸಿಕ್ಕಿಹಾಕಿಕೊಂಡರೂ ಉಳಿದವು ಓಡುತ್ತಲೇ ಇರಬಹುದು. ಓಡುತ್ತಿವೆಯೇ ಇಲ್ಲವೇ ಎಂದು ಮೊದಲು ತಿಳಿದುಕೊಳ್ಳಬೇಕು. ಹಾಡುವವರಿಗೆ ಹೆಡ್‌ಫೋನಿನಲ್ಲಿ ತಮ್ಮ ದನಿ ಕೇಳುತ್ತಿದೆ ಎಂಬುದು ಸಾಕ್ಷಿಯಲ್ಲ. ನನ್ನಲ್ಲಿ ಅದು, ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಇಂಟರ್‌ಫೇಸ್‌ನಿಂದಲೇ ನೇರವಾಗಿ ಹೋಗುತ್ತದೆ, ಕಂಪ್ಯೂಟರನ್ನು ಹಾದು ಬರುವುದಿಲ್ಲ.

ಯಾವ ಪ್ರೋಗ್ರಾಂ ಡಿಸ್ಕಿಗೆ ಎಷ್ಟು ಬರೆಯುತ್ತಿದೆ ಎಂದು ತೋರಿಸುವ, ವಿಂಡೋಸ್‌ನಲ್ಲೇ ಇರುವ ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಪುಟ ನೋಡಿದೆ. ರೆಕಾರ್ಡಿಂಗಿಗೆ ನಾನು ಬಳಸುವ ಪ್ರೋಗ್ರಾಂ ರೀಪರ್. ಅದರ ಹೆಸರಿನ ಮುಂದೆ ಬರೆಯುವ ವೇಗ ಸೆಕೆಂಡಿಗೆ ನಾಲ್ಕು ಲಕ್ಷ ಬೈಟಿನ ಆಸುಪಾಸು. ಲೆಕ್ಕ ಸರಳ: ಸೆಕೆಂಡಿಗೆ ಧ್ವನಿಯ 48,000 ಸ್ಯಾಂಪಲ್ (ಅಳತೆ), ಪ್ರತಿಯೊಂದಕ್ಕೆ 24 ಬಿಟ್ ಎಂದರೆ 3 ಬೈಟ್, ಒಂದು ಮಾನೊ ಟ್ರ್ಯಾಕಿಗೆ ಸೆಕೆಂಡಿಗೆ 1,44,000 ಬೈಟ್. ಮೂರಕ್ಕೆ 4,32,000. ಎದೆ ಹಗುರಾಯಿತು. ಅಮ್ಮನವರ ದನಿ ಡಿಸ್ಕಿಗೆ ಇಳಿಯುತ್ತಲೇ ಇತ್ತು.

ಇದನ್ನೇ ಫೋಲ್ಡರಿನಲ್ಲಿ ನೋಡಲು ಹೋಗಿ ಹಲವರು ಹೆದರುತ್ತಾರೆ. ತೆರೆದಿರುವ ಫೈಲಿನ ಗಾತ್ರ ಅಲ್ಲಿ ಹಳೆಯದೇ ತೋರಿಸುತ್ತಿರಬಹುದು, ಕೆಲವೊಮ್ಮೆ ಸೊನ್ನೆ ಕೂಡ. ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಸರಿಯಾದ ಗಾತ್ರ ಬರುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ ತೆರೆದಾಗ ಬೆಳೆದಿದ್ದರೆ, ಏನನ್ನೂ ಮುಟ್ಟಬೇಡಿ. ಹಾಡು ಮುಗಿಯಲಿ.

ಮುಗಿಯಿತು. ಎಂಟು ನಿಮಿಷ. ತಂಬೂರಿ ನಿಂತ ಮೇಲೂ ಅರ್ಧ ನಿಮಿಷ ಸುಮ್ಮನೆ ಕೂತೆ, ಪ್ರೋಗ್ರಾಂ ತನ್ನ ಕೈಯಲ್ಲಿ ಹಿಡಿದಿದ್ದ ಕೊನೆಯ ತುಣುಕೂ ಡಿಸ್ಕಿಗೆ ಹೋಗಲಿ ಎಂದು. ಆಮೇಲೆ ಪರದೆಯ ಹಿಂದೆ ಅಡಗಿದ ಸಣ್ಣ ಕಿಟಕಿ ಏನಾದರೂ ಉತ್ತರಕ್ಕೆ ಕಾಯುತ್ತಿದೆಯೇ ಎಂದು ಆಲ್ಟ್ ಮತ್ತು ಟ್ಯಾಬ್ ಒತ್ತಿ ನೋಡಿದೆ. ಅರ್ಧಕ್ಕರ್ಧ 'ಹ್ಯಾಂಗ್'ಗಳು ಇದೇ ಆಗಿರುತ್ತವೆ ಎನ್ನುವುದು ನನ್ನ ಅನುಭವ: ಯಾವುದೋ ಪ್ಲಗಿನ್ (ದನಿ ತಿದ್ದಲು ಸೇರಿಸುವ ಪುಟ್ಟ ತಂತ್ರಾಂಶ) ಲೈಸೆನ್ಸ್ ಕೇಳುತ್ತಿರುತ್ತದೆ, ಆ ಕಿಟಕಿ ನಾವು ಎಂದೋ ಕಿತ್ತಿಟ್ಟ ಎರಡನೇ ಮಾನಿಟರಿನ ಜಾಗದಲ್ಲಿ ತೆರೆದಿರುತ್ತದೆ. ಆಗ ವಿಂಡೋಸ್ ಕೀ, ಶಿಫ್ಟ್, ಎಡ ಅಥವಾ ಬಲ ಬಾಣದ ಕೀ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಈಚೆ ಬರುತ್ತದೆ. ಆ ರಾತ್ರಿ ಅಂಥದ್ದೇನೂ ಇರಲಿಲ್ಲ.

ಹಾಗಾಗಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ರೀಪರನ್ನು ಮುಗಿಸಿದೆ. ಇದಕ್ಕೂ ಪವರ್ ಬಟನ್ನಿಗೂ ದೊಡ್ಡ ವ್ಯತ್ಯಾಸವಿದೆ. ವಿಂಡೋಸ್‌ನ ಕೈಗೆ ಒಪ್ಪಿಸಿ ಆಗಿರುವ ದತ್ತಾಂಶ ಪ್ರೋಗ್ರಾಂ ಸತ್ತರೂ ಡಿಸ್ಕಿಗೆ ಸೇರುತ್ತದೆ. ಕರೆಂಟನ್ನೇ ಕಡಿದರೆ, ಇನ್ನೂ ಮೆಮೊರಿಯಲ್ಲಿ ಇರುವುದು ಅಲ್ಲೇ ಅಳಿಯುತ್ತದೆ. ನನ್ನ ಮೃದಂಗ ಹೋಗಿದ್ದು ಹಾಗೆ.

ಕಿಟಕಿ ಮಾಯವಾಯಿತು, ಆದರೆ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪಟ್ಟಿಯಲ್ಲಿ ಹೆಸರು ಉಳಿದುಕೊಂಡಿತು. ಎಷ್ಟು ಸಲ ಮುಗಿಸಿದರೂ ಹೋಗದು. ಹೊಸದಾಗಿ ರೀಪರ್ ತೆರೆದರೆ ಆಡಿಯೊ ಸಾಧನ ಸಿಗುತ್ತಿಲ್ಲ ಎನ್ನುತ್ತದೆ. ಇಲ್ಲಿಗೆ ಬಂದ ಮೇಲೆ ಬಹಳ ಮಂದಿ ರೀಬೂಟ್ ಮಾಡಿಬಿಡುತ್ತಾರೆ. ಆಗಿರುವುದೇನೆಂದರೆ, ಸತ್ತ ಪ್ರೋಗ್ರಾಂ ಡ್ರೈವರಿಗೆ (ಸಾಧನವನ್ನು ನಡೆಸುವ ತಂತ್ರಾಂಶಕ್ಕೆ) ಕೊಟ್ಟ ಒಂದು ಕೋರಿಕೆ ಇನ್ನೂ ಬಾಕಿ ಇದೆ. ಅದು ತೀರದೆ ವಿಂಡೋಸ್ ಅದನ್ನು ಪೂರ್ತಿ ಬಿಡುಗಡೆ ಮಾಡುವುದಿಲ್ಲ. ಹಲವು ಆಸಿಯೊ ಡ್ರೈವರುಗಳು (ವಿಂಡೋಸ್‌ನ ಆಡಿಯೊ ದಾರಿ ಬಿಟ್ಟು ಸಾಧನದ ಜೊತೆ ನೇರವಾಗಿ ಮಾತಾಡುವಂಥವು) ಒಮ್ಮೆಗೆ ಒಂದೇ ಪ್ರೋಗ್ರಾಮಿಗೆ ಜಾಗ ಕೊಡುವಂಥವು, ಆ ಜಾಗದಲ್ಲಿ ಹೆಣ ಕೂತಿದೆ.

ಮದ್ದು ಯುಎಸ್‌ಬಿ ತಂತಿಯಲ್ಲೇ ಇತ್ತು. ಮೊದಲು ಸ್ಪೀಕರಿನ ದನಿ ಪೂರ್ತಿ ತಗ್ಗಿಸಿದೆ, ಎಲ್ಲರ ಹೆಡ್‌ಫೋನ್ ತೆಗೆಸಿದೆ, ಮೈಕಿಗೆ ಕರೆಂಟು ಕೊಡುವ 48 ವೋಲ್ಟ್ ಫ್ಯಾಂಟಮ್ ಆಫ್ ಮಾಡಿದೆ. ಆಮೇಲೆ ಇಂಟರ್‌ಫೇಸ್‌ನ ತಂತಿ ಕಿತ್ತೆ. ಸಾಧನವೇ ಇಲ್ಲವಾದಾಗ ಬಾಕಿ ಕೋರಿಕೆ ರದ್ದಾಗಿ, ಪಟ್ಟಿಯಲ್ಲಿದ್ದ ಹೆಸರು ತಾನಾಗಿಯೇ ಹೋಯಿತು. ಹತ್ತು ಎಣಿಸಿ ಅದೇ ಪೋರ್ಟಿಗೆ ಮತ್ತೆ ಚುಚ್ಚಿದೆ. ಆಸಿಯೊ ಬಳಸದೆ ವಿಂಡೋಸ್‌ನ ಆಡಿಯೊ ಮೂಲಕವೇ ರೆಕಾರ್ಡ್ ಮಾಡುವವರು ಸರ್ವಿಸಸ್ ಪಟ್ಟಿಯಲ್ಲಿ 'ವಿಂಡೋಸ್ ಆಡಿಯೊ' ಎಂಬುದನ್ನು ರೀಸ್ಟಾರ್ಟ್ ಮಾಡಿ ನೋಡಬೇಕು. ಆಸಿಯೊ ಆ ದಾರಿಯಲ್ಲಿ ಹೋಗುವುದಿಲ್ಲವಾದ್ದರಿಂದ ನನಗೆ ಅದು ಬೇಕಾಗಲಿಲ್ಲ. ಮ್ಯಾಕ್ ಇರುವ ಗೆಳೆಯರಿಗೆ ನಾನು ಹೇಳುವುದು: ಕಮಾಂಡ್, ಆಪ್ಷನ್, ಎಸ್ಕೇಪ್ ಒತ್ತಿ ಪ್ರೋಗ್ರಾಂ ಮುಗಿಸಿ. ಧ್ವನಿ ಬಾರದಿದ್ದರೆ ಆಕ್ಟಿವಿಟಿ ಮಾನಿಟರಿನಲ್ಲಿ 'ಕೋರ್‌ಆಡಿಯೊಡಿ' (coreaudiod, ಮ್ಯಾಕ್‌ನಲ್ಲಿ ಧ್ವನಿ ನಡೆಸುವ ಪ್ರೊಸೆಸ್) ಹುಡುಕಿ ಅದನ್ನೂ ಮುಗಿಸಿ. ವ್ಯವಸ್ಥೆಯೇ ಅದನ್ನು ಮತ್ತೆ ಎಬ್ಬಿಸುತ್ತದೆ.

ಪ್ರಾಜೆಕ್ಟ್ ತೆರೆಯುವಾಗ ಪ್ಲಗಿನ್‌ಗಳನ್ನು ಆಫ್‌ಲೈನ್ ಇಡುವ ರಿಕವರಿ ಆಯ್ಕೆಗೆ ಗುರುತು ಹಾಕಿದೆ. ಇಲ್ಲದಿದ್ದರೆ ಹ್ಯಾಂಗ್ ಮಾಡಿಸಿದ್ದೇ ಮತ್ತೆ ಎದ್ದು ಕೂರುತ್ತದೆ. ರೆಕಾರ್ಡಿಂಗಿಗೆ ಮೊದಲೇ ಸೇವ್ ಮಾಡಿದ್ದರಿಂದ ಮೂರು ಫೈಲುಗಳೂ ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಇದ್ದವು. ಎಳೆದು ತಂದು ಮೂರರ ತಲೆಯನ್ನೂ ಒಂದೇ ಗೆರೆಗೆ ನಿಲ್ಲಿಸಿದೆ. ಒಂದೇ ಕ್ಷಣದಲ್ಲಿ ಶುರುವಾದವು, ಕೂದಲೆಳೆ ಹೆಚ್ಚುಕಮ್ಮಿ ಇಲ್ಲದೆ ಕೂತವು.

ಹಾಗೆ ಕೂರಿಸುವ ಮೊದಲು ಒಂದನ್ನು ರಿಪೇರಿ ಮಾಡಬೇಕಾಯಿತು. ಎರಡು ಸರಿ ಇದ್ದವು. ಪಿಟೀಲಿನ ಫೈಲು ಮಾತ್ರ ಉದ್ದ ಸೊನ್ನೆ ಎಂದು ತೋರಿಸಿತು, ಗಾತ್ರ ನೋಡಿದರೆ ಸುಮಾರು 7 ಕೋಟಿ ಬೈಟ್. ವೇವ್ ಫೈಲಿನ ತಲೆಭಾಗದಲ್ಲಿ ಅದರ ಉದ್ದ ಬರೆದಿರುತ್ತದೆ. ಅದನ್ನು ತುಂಬುವ ಮೊದಲೇ ಪ್ರೋಗ್ರಾಂ ಸತ್ತರೆ ಒಳಗೆ ಸರಕಿದ್ದರೂ ಖಾಲಿ ಎನ್ನಿಸಿಕೊಳ್ಳುತ್ತದೆ. ನಕಲು ಮಾಡಿಟ್ಟುಕೊಂಡು, ನಕಲನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ಪ್ರೋಗ್ರಾಮಿನಲ್ಲಿ 'ರಾ ಡೇಟಾ' (ತಲೆಭಾಗ ಓದದೆ ಬರೀ ಬೈಟುಗಳು) ಎಂದು ತೆರೆದೆ: 24 ಬಿಟ್ ಪಿಸಿಎಂ, ಲಿಟಲ್ ಎಂಡಿಯನ್, ಮಾನೊ, 48,000. ಕೇಳಿಸಿದ್ದು ಬರೀ ಭೋರೆನ್ನುವ ಸದ್ದು. ಇಲ್ಲಿ ಕೈಬಿಡಬಾರದು. ಮೂರು ಮೂರು ಬೈಟಿನ ಗುಂಪುಗಳನ್ನು ತಪ್ಪು ಜಾಗದಿಂದ ಎಣಿಸಲು ಶುರುಮಾಡಿದರೆ ಹೀಗಾಗುತ್ತದೆ. ಆರಂಭದ ಬೈಟನ್ನು ಒಂದು ಹೆಚ್ಚಿಸಿ ನೋಡಿದೆ, ಅದೇ ಸದ್ದು. ಇನ್ನೊಂದು ಹೆಚ್ಚಿಸಿದೆ, ಪಿಟೀಲು ಬಂತು. ದನಿ ತಗ್ಗಿಸಿಕೊಂಡೇ ಇದನ್ನು ಮಾಡಿ, ಆ ಸದ್ದು ಕಿವಿಗೂ ಸ್ಪೀಕರಿಗೂ ಒಳ್ಳೆಯದಲ್ಲ. ತಲೆಭಾಗದ ಬೈಟುಗಳು ಮೊದಲಲ್ಲಿ 'ಟಕ್' ಎನ್ನುತ್ತವೆ, ಅಷ್ಟನ್ನು ಕತ್ತರಿಸಿದರೆ ಆಯಿತು.

ಮಾರನೆಯ ದಿನ ಪ್ಲಗಿನ್‌ಗಳನ್ನು ಒಂದೊಂದಾಗಿ ಬೇರೆ ಪ್ರೊಸೆಸ್‌ನಲ್ಲಿ ಓಡಿಸಿದೆ. ರೀಪರಿನಲ್ಲಿ ಆ ಸೌಲಭ್ಯವಿದೆ. ಒಂದು ರಿವರ್ಬ್ (ದನಿಗೆ ಗುಂಗು ಕೊಡುವ ಪ್ಲಗಿನ್) ತಾನೊಂದೇ ಬಿತ್ತು, ಉಳಿದದ್ದೆಲ್ಲ ನಡೆಯುತ್ತಲೇ ಇತ್ತು. ಈಗ ರೆಕಾರ್ಡ್ ಮಾಡುವಾಗ ಟ್ರ್ಯಾಕುಗಳನ್ನು ಪ್ಲಗಿನ್ ಇಲ್ಲದೆ ಬರಿದಾಗಿ ಇಡುತ್ತೇನೆ. ತಂತಿ ಕಿತ್ತರೂ ಆ ಹೆಣ ಕದಲದಿದ್ದರೆ ಮಾತ್ರ ರೀಬೂಟ್. ಅದೂ ಮೆನುವಿನ ರೀಸ್ಟಾರ್ಟ್. ಫಾಸ್ಟ್ ಸ್ಟಾರ್ಟಪ್ ಇರುವ ಕಂಪ್ಯೂಟರಿನಲ್ಲಿ ಶಟ್‌ಡೌನ್ ಮಾಡಿ ಆನ್ ಮಾಡಿದರೆ ಡ್ರೈವರು ಹಳೆಯ ಸ್ಥಿತಿಯಲ್ಲೇ ಎದ್ದು ಬರುತ್ತದೆ.

ಆ ರಾತ್ರಿ ಇದೆಲ್ಲಕ್ಕೆ ಹಿಡಿದದ್ದು ಒಂದು ಲೋಟ ಬಿಸಿನೀರು ಕುಡಿಯುವಷ್ಟು ಹೊತ್ತು. ಅಮ್ಮನವರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಕೊನೇಲಿ ಪಿಟೀಲು ನನ್ನನ್ನ ಕಾದಿದೆ ನೋಡಪ್ಪಾ, ಅದನ್ನ ಹಾಗೇ ಇಡು" ಅಂದರು. ಹಾಗೇ ಇಟ್ಟಿದ್ದೇನೆ.