ಈಜು ಕಲಿಯಲು ಮೊದಲು ಉಸಿರು, ಆಮೇಲೆ ಕೈಕಾಲು

ಮಕ್ಕಳಿರಲಿ ದೊಡ್ಡವರಿರಲಿ, ಮೊದಲ ಪಾಠ ನೀರಿನೊಳಗೆ ಉಸಿರು ಬಿಡುವುದು. ಎದೆಮಟ್ಟದ ನೀರಿನಲ್ಲಿ ನಿಂತು ಕೊಳದ ಅಂಚು ಹಿಡಿಯಿರಿ. ಬಾಯಿಂದ ಉಸಿರೆಳೆದು ಮುಖ ಮುಳುಗಿಸಿ, ಮೂಗಿನಿಂದ ಗುಳುಗುಳು ಗುಳ್ಳೆ ಬಿಡುತ್ತಾ ನಾಲ್ಕು ಎಣಿಸಿ ಮೇಲೇಳಿ. ಹೀಗೆ 20 ಸಲ. ಒಳಗೆ ಉಸಿರು ಬಿಗಿಹಿಡಿದವರು ಮೇಲೆ ಬಂದ ಕ್ಷಣದಲ್ಲಿ ಬಿಡುವುದು, ಎಳೆಯುವುದು ಎರಡನ್ನೂ ಮಾಡಲು ಹೋಗಿ ನೀರು ಕುಡಿಯುತ್ತಾರೆ.

ಆಮೇಲೆ ತೇಲುವುದು. ಕೈ ಮುಂದೆ ಚಾಚಿ, ಕಿವಿ ಮುಳುಗಿಸಿ, ಕೊಳದ ತಳ ನೋಡುತ್ತಾ ಮಲಗಿ. ತಲೆ ಎತ್ತಿದರೆ ಸೊಂಟ, ಕಾಲು ಮುಳುಗುತ್ತವೆ. ದೊಡ್ಡವರು ಹೆಚ್ಚಾಗಿ ಎಡವುವುದು ಇಲ್ಲೇ. ತೇಲುವುದರ ಜೊತೆಗೇ ಎದ್ದು ನಿಲ್ಲುವುದನ್ನೂ ಕಲಿಸಿ: ಮಂಡಿಯನ್ನು ಎದೆಗೆಳೆದು, ಅಂಗೈಯಿಂದ ನೀರನ್ನು ಕೆಳಕ್ಕೊತ್ತಿ, ತಲೆ ಎತ್ತಿ, ಪಾದ ಊರಬೇಕು. ಇದು ಬಂದರೆ ಅರ್ಧ ಹೆದರಿಕೆ ಹೋದಂತೆ.

ಕಾಲನ್ನು ತೊಡೆಯಿಂದ ಬಡಿಯಿರಿ, ಪಾದ ಸಡಿಲವಾಗಿರಲಿ. ಸೈಕಲ್ ತುಳಿದಂತೆ ಮಂಡಿ ಮಡಚಿದರೆ ನೀರು ಚಿಮ್ಮುತ್ತದೆಯೇ ಹೊರತು ಮೈ ಮುಂದೆ ಹೋಗುವುದಿಲ್ಲ.

ಚಿಕ್ಕ ಮಕ್ಕಳಿಗೆ 30 ನಿಮಿಷ ಸಾಕು. ನಡುಗಿದರೆ, ತುಟಿ ನೀಲಿಯಾದರೆ ಕೂಡಲೇ ಮೇಲಕ್ಕೆತ್ತಿ, ಒರೆಸಿ, ಒಣಬಟ್ಟೆ ಹೊದಿಸಿ. ಬಾವಿಯಲ್ಲಿ ಬೆನ್ನಿಗೆ ಕಟ್ಟುವ ಸೋರೆಬುರುಡೆಯಾಗಲಿ, ಕೊಳದಲ್ಲಿ ತೋಳಿಗೆ ಹಾಕುವ ಗಾಳಿಚೀಲವಾಗಲಿ, ಕಳಚಿಕೊಳ್ಳಬಹುದು. ಮಗು ಸದಾ ನಿಮ್ಮ ಕೈಗೆಟಕುವಷ್ಟು ಹತ್ತಿರವೇ ಇರಲಿ.