ಲಾಭವಿದ್ದೂ ಗಲ್ಲಾದಲ್ಲಿ ದುಡ್ಡೇಕಿಲ್ಲ?

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವವರು ತಮ್ಮ ಲೆಕ್ಕಪತ್ರದಲ್ಲಿ ಮೊದಲು ನೋಡಬೇಕಾದದ್ದು ಲಾಭದ ಅಂಕಿಯಲ್ಲ, ಅಂಗಡಿಗಳಿಂದ ಬರಬೇಕಾದ ಬಾಕಿ. ಭತ್ತಕ್ಕೆ ಕೂಡಲೇ ಹಣ ತೆರಬೇಕಾಗುತ್ತದೆ. ಮಾರಿದ ಮಂಡಕ್ಕಿಯ ಹಣ ಮಾತ್ರ ಉದ್ರಿ ಪುಸ್ತಕದಲ್ಲೇ ಕುಳಿತಿರುತ್ತದೆ.

ಒಟ್ಟು ಬಾಕಿಯನ್ನು ತಿಂಗಳ ಉದ್ರಿ ಮಾರಾಟದಿಂದ ಭಾಗಿಸಿ 30ರಿಂದ ಗುಣಿಸಿದರೆ, ಹಣ ಕೈಸೇರಲು ಸರಾಸರಿ ಎಷ್ಟು ದಿನ ಹಿಡಿಯುತ್ತಿದೆ ಎಂಬುದು ತಿಳಿಯುತ್ತದೆ. ತಿಂಗಳಿಗೆ 6 ಲಕ್ಷ ರೂಪಾಯಿ ಉದ್ರಿ ಮಾರಾಟವಿದ್ದು 9 ಲಕ್ಷ ಬಾಕಿಯಿದ್ದರೆ ಅದು 45 ದಿನ. ಅದನ್ನು 30 ದಿನಕ್ಕೆ ಇಳಿಸಿದರೆ 3 ಲಕ್ಷ ಕೈಗೆ ಬರುತ್ತದೆ, ಓವರ್‌ಡ್ರಾಫ್ಟಿಗೆ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕು ಕೊಡುವ ಸಾಲ) ಶೇ. 12ರ ಬಡ್ಡಿ ಕಟ್ಟುವವರಿಗೆ ವರ್ಷಕ್ಕೆ 36,000 ರೂಪಾಯಿ ಉಳಿಯುತ್ತದೆ.

ಸರಾಸರಿಯನ್ನೇ ನಂಬಿ ಕೂರುವಂತಿಲ್ಲ. 30, 60, 90 ದಿನ ಮೀರಿದ ಬಾಕಿಯನ್ನು ಗಿರಾಕಿವಾರು ಬೇರ್ಪಡಿಸಿ ನೋಡಿದಾಗ, ಅತಿ ಹೆಚ್ಚು ಮಾಲು ಎತ್ತುವವರೇ ಅತಿ ತಡವಾಗಿ ಕೊಡುತ್ತಿರುವುದು ಕಾಣಬಹುದು. ಅಂಥವರಿಗೆ ಉದ್ರಿಯ ಮಿತಿ ಹಾಕಬೇಕೇ ಹೊರತು ಎಲ್ಲರಿಗೂ ದರ ಏರಿಸಬಾರದು. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಈ ಪಟ್ಟಿ ಸಿದ್ಧವಾಗಿಯೇ ಸಿಗುತ್ತದೆ, ತೆರೆದು ನೋಡುವವರು ಕಡಿಮೆ.

ಉದ್ಯಮ್ (ಕೇಂದ್ರ ಸರ್ಕಾರದ ಸಣ್ಣ ಉದ್ಯಮ ನೋಂದಣಿ) ಪಡೆದ ಕಿರು ಮತ್ತು ಸಣ್ಣ ತಯಾರಕರಿಗೆ, 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಖರೀದಿದಾರರು 45 ದಿನ ಮೀರದಂತೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಪಾವತಿಸಬೇಕು. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆಯೇ ಅಚ್ಚು ಹಾಕಿಸಿರಿ.